ನಾನು ಕಡಿಮೆ ಮಾಡಿದ ಎರಡು ವರ್ಷ

ಬಿದ್ದಳು ಅನ್ನುವಷ್ಟು ಕೂಡ ಬಿದ್ದಿರಲಿಲ್ಲ. ಹೋದ ವರ್ಷ ಗಣೇಶನ ಹಬ್ಬಕ್ಕೆ ಒಂದು ವಾರ ಮುಂಚೆ, ಟಿ. ದಾಸರಹಳ್ಳಿಯ ನಮ್ಮ ವಠಾರದ ಸಂಪ್ ಹತ್ತಿರ ನನ್ನ ತಂಗಿ ಸಿಂಚನಾ ಬಿಂದಿಗೆ ತುಂಬಿಸುತ್ತಿದ್ದಳು. ಕಲ್ಲು ಪಾಚಿಗಟ್ಟಿತ್ತು. ಕಾಲು ಜಾರಿತು. ಎಡಗೈ ಊರಿ ಕೂತಳು. ಅಷ್ಟೇ. ಬಿಂದಿಗೆ ಕೂಡ ಉರುಳಲಿಲ್ಲ.

ಮಣಿಕಟ್ಟು ಮುರಿದಿತ್ತು.

"ಎಲ್ಲಿಂದ ಬಿದ್ಲು? ಮಹಡಿಯಿಂದಾನಾ?" ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೂಳೆ ಡಾಕ್ಟರ್ ಕೇಳಿದರು.

"ಇಲ್ಲ ಸರ್. ನಿಂತಲ್ಲೇ ಜಾರಿದ್ದು."

ಅವರು ಎಕ್ಸ್‌ರೇ ನೋಡಿದರು, ಸಿಂಚನಾಳನ್ನು ನೋಡಿದರು, ಮತ್ತೆ ಎಕ್ಸ್‌ರೇ ನೋಡಿದರು. "ಬೇರೆ ಏನಾದ್ರೂ ಕಾಯಿಲೆ ಇದೆಯಾ?"

ಇದೆ. ಸಿಂಚನಾಗೆ ಹುಟ್ಟಿನಿಂದ ಎಚ್‌ಐವಿ ಇದೆ. ಅವ್ವನಿಗೂ ಇದೆ. ಅಪ್ಪ ತೀರಿಕೊಂಡಾಗ ಎಲ್ಲರೂ ಟಿಬಿ ಅಂದಿದ್ದರು. ಅದರ ಹಿಂದೆ ಇನ್ನೊಂದಿತ್ತು ಅನ್ನುವುದು ನಮಗೆ ತಿಳಿಯುವಷ್ಟರಲ್ಲಿ ನಾವು ಬಾಗಲಕೋಟೆ ಕಡೆಯ ಊರು ಬಿಟ್ಟು ಬೆಂಗಳೂರಿಗೆ ಬಂದು, ಅವ್ವ ಪೀಣ್ಯದ ಗಾರ್ಮೆಂಟ್ಸ್ ಸೇರಿ ಒಂದು ವರ್ಷ ಆಗಿತ್ತು. ನನಗೆ ಇಲ್ಲ. ಅವ್ವನಿಗೆ ಅದು ತಗಲುವ ಮುಂಚೆಯೇ ನಾನು ಹುಟ್ಟಿದ್ದೆ. ಈ ವಾಕ್ಯ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ, ಅದರಲ್ಲಿ ನನ್ನದೇನೂ ತಪ್ಪಿಲ್ಲದಿದ್ದರೂ. ನನ್ನ ತಪ್ಪು ಬೇರೆಯದು. ಅದನ್ನು ಹೇಳಲೆಂದೇ ಕೂತಿದ್ದೇನೆ. ಹೇಳಲು ತಂಗಿಯ ಒಪ್ಪಿಗೆ ಇದೆ. ಸಿಂಚನಾ ಅನ್ನುವ ಹೆಸರು ಅವಳೇ ಆರಿಸಿಕೊಂಡದ್ದು. ನನಗೆ ರೂಪಾ ಅಂತ ಇಟ್ಟವಳೂ ಅವಳೇ.

ನನಗೀಗ ಇಪ್ಪತ್ತೆರಡು ನಡೆಯುತ್ತಿದೆ. ಕಾನೂನು ಓದುತ್ತಿದ್ದೇನೆ. ಯಲಹಂಕದ ನಮ್ಮ ಕಾಲೇಜಿನ ಡಿಬೇಟ್ ತಂಡಕ್ಕೆ ಎರಡು ವರ್ಷ ನಾನೇ ನಾಯಕಿ. ವಿಷಯ ಯಾವುದೇ ಇರಲಿ, ಪರ ಕೊಟ್ಟರೂ ಸರಿ, ವಿರೋಧ ಕೊಟ್ಟರೂ ಸರಿ, ಮಾತಾಡುತ್ತೇನೆ. ಮನೆಯಲ್ಲೂ ಅದೇ ಚಟ. ಅವ್ವ ತಂಗಿಯನ್ನು ಬೆಳಗಿನ ಬಿಸಿಲಿಗೆ ಟೆರೇಸ್ ಮೇಲೆ ಕೂರಿಸಿದರೆ "ಏನು ಪುರಾವೆ ಅವ್ವಾ?" ಅನ್ನುವುದು. ರಾಗಿ ಮಾಲ್ಟ್ ಕುಡಿಸಿದರೆ "ಯಾರು ಹೇಳಿದ್ದು?" ಅನ್ನುವುದು. ಪುರಾವೆ ಕೇಳುವವಳು ನಾನು. ಆ ಮನೆಯ ಅತಿ ದೊಡ್ಡ ಸುಳ್ಳು ಪುರಾವೆ ತಯಾರಿಸಿದವಳೂ ನಾನೇ.

ಅದು ಅವಳು ಜಾರಿ ಬೀಳುವುದಕ್ಕೆ ಆರು ವರ್ಷ ಮುಂಚಿನ ಮಾತು. ಬೆಂಗಳೂರಿಗೆ ಬಂದ ಮೊದಲ ಜೂನ್. ಅಪ್ಪನ ಕಾಯಿಲೆಯಲ್ಲಿ ಎರಡು ವರ್ಷ ಕಳೆದು, ಸಿಂಚನಾ ಊರಿನ ಶಾಲೆಗೆ ಹೋದದ್ದಕ್ಕಿಂತ ಹೋಗದೆ ಉಳಿದದ್ದೇ ಹೆಚ್ಚು. ಟಿ.ಸಿ. ಇಲ್ಲ, ಜನನ ಪತ್ರ ಮಾಡಿಸಿರಲಿಲ್ಲ. ಮುಖ್ಯೋಪಾಧ್ಯಾಯಿನಿ ರಿಜಿಸ್ಟರ್ ತೆರೆದರು.

"ಮಗುಗೆ ಎಷ್ಟು ವಯಸ್ಸಮ್ಮಾ?"

"ಎಂಟು ತುಂಬ್ಯಾವ್ರಿ ಅಕ್ಕಾರ," ಅಂದಳು ಅವ್ವ.

"ಎಂಟಾ? ಈ ಗುಬ್ಬಚ್ಚಿಗಾ? ಮನೇಲಿ ಊಟ ಹಾಕ್ತೀರೋ ಇಲ್ವೋ?"

ಪಕ್ಕದ ಮೇಜಿನ ಗುಮಾಸ್ತ ನಕ್ಕ. ಸಿಂಚನಾ ಅವ್ವನ ಸೆರಗಿನ ಹಿಂದೆ ಹೋದಳು. ಅವ್ವನ ಮುಖ ನೋಡಲಾಗಲಿಲ್ಲ ನನಗೆ.

"ಇಲ್ಲ ಮೇಡಂ, ಅವ್ವ ನನ್ನ ತಮ್ಮನ ವಯಸ್ಸು ಹೇಳ್ತಿದ್ದಾಳೆ. ಇವಳಿಗೆ ಆರು," ಅಂದೆ.

ನನಗೆ ತಮ್ಮನೇ ಇಲ್ಲ.

"ಹಾಗನ್ನಿ ಮತ್ತೆ. ಹುಟ್ಟಿದ ತಾರೀಖು?"

"ಗೊತ್ತಿಲ್ಲ ಮೇಡಂ. ಮಳೆಗಾಲ ಶುರುವಾಗೋ ಹೊತ್ತು."

"ಜೂನ್ ಒಂದು ಹಾಕ್ಕೋತೀನಿ ಬಿಡಿ."

ಇದರಲ್ಲಿ ಆಶ್ಚರ್ಯಪಡುವಂಥದ್ದು ಯಾರಿಗೂ ಏನೂ ಕಾಣಲಿಲ್ಲ. ನಮ್ಮ ಕಡೆ ಅರ್ಧ ಊರಿನ ಹುಟ್ಟುಹಬ್ಬ ಜೂನ್ ಒಂದಕ್ಕೇ. ತಾರೀಖು ಗೊತ್ತಿಲ್ಲದ ಮಕ್ಕಳಿಗೆ ಮೇಷ್ಟ್ರುಗಳು ಕೊಡುವ ದಿನ ಅದು. ದಿನ ಹೀಗೆ ಬರೆಯುವುದಾದರೆ ವರ್ಷವನ್ನೂ ಬರೆಯಬಹುದಲ್ಲ ಅನ್ನಿಸಿತ್ತು ನನಗೆ.

ಹೊರಗೆ ಬಂದ ಮೇಲೆ ಅವ್ವ ಕೇಳಿದಳು. "ಇಲ್ಲದ ತಮ್ಮನ್ನ ಎಲ್ಲಿಂದ ತಂದಿ? ಸುಳ್ಳು ಯಾಕ ಬೇಕಿತ್ತ ರೂಪಾ?"

ನಾನು ಬೆರಳು ಮಡಚಿ ಎಣಿಸಿದೆ. ಅಕ್ಷರ ಬರುವುದಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೆ ಹಾಕಿದರೆ ಹಿಂದೆ ಬೀಳುತ್ತಾಳೆ. ಗಿಡ್ಡಿ ಅಂತ ಎಲ್ಲರೂ ಅಣಕಿಸುತ್ತಾರೆ. ಎರಡು ವರ್ಷ ಚಿಕ್ಕವಳಾದರೆ ಯಾರಿಗೇನು ನಷ್ಟ? ಅವ್ವ ಸುಮ್ಮನಾದಳು. ಅದನ್ನು ನಾನು ಗೆಲುವು ಅಂದುಕೊಂಡೆ.

ಶಾಲೆಯ ಪತ್ರದ ಮೇಲೆ ಆಧಾರ್ ಆಯಿತು. ಮುಂದಿನ ವರ್ಷ ಸಿಂಚನಾಗೆ ಬಿಡದ ಜ್ವರ, ಕುತ್ತಿಗೆಯಲ್ಲಿ ಗಂಟು, ಟಿಬಿ. ಆಗ ಎಲ್ಲರ ರಕ್ತ ಪರೀಕ್ಷೆ ಆಯಿತು. ಎಆರ್‌ಟಿ ಸೆಂಟರ್‌ನಲ್ಲಿ, ಅಂದರೆ ಎಚ್‌ಐವಿಗೆ ಮಾತ್ರೆ ಕೊಡುವ ಸರ್ಕಾರಿ ವಿಭಾಗದಲ್ಲಿ, ಹೆಸರು ಬರೆಸುವಾಗ ಕೌನ್ಸೆಲರ್ ವಯಸ್ಸು ಕೇಳಿದರು. ಅವ್ವ ನನ್ನ ಮುಖ ನೋಡಿದಳು. ನಾನು ಆಧಾರ್ ಕಾರ್ಡ್ ಮುಂದೆ ಚಾಚಿದೆ.

ಅಲ್ಲಿ ಪ್ರತಿ ಮಗುವಿಗೂ ಒಂದು ಗ್ರೋತ್ ಚಾರ್ಟ್ ಇರುತ್ತದೆ. ಕೆಳಗೆ ವಯಸ್ಸು, ಪಕ್ಕದಲ್ಲಿ ಎತ್ತರ. ಪ್ರತಿ ಸಲ ನರ್ಸ್ ಗೋಡೆಗೆ ನಿಲ್ಲಿಸಿ ಅಳೆದು ಒಂದು ಚುಕ್ಕೆ ಇಡುತ್ತಾರೆ. ಚುಕ್ಕೆಗಳು ಅತಿ ಕೆಳಗಿನ ಗೆರೆಯ ಮೇಲೇ ಕೂತಿದ್ದವು. "ಗಿಡ್ಡ ಇದ್ದಾಳೆ, ಆದ್ರೆ ಲೈನ್ ಬಿಟ್ಟಿಲ್ಲ ಕಣಮ್ಮ," ಅನ್ನುತ್ತಿದ್ದರು ನರ್ಸ್. ನಾವು ಸಂತೋಷಪಡುತ್ತಿದ್ದೆವು. ಮಾತ್ರೆ ತಪ್ಪಿಸಲಿಲ್ಲ, ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಇಳಿಯಿತು, ಟಿಬಿ ವಾಸಿಯಾಯಿತು. ಮೂವತ್ತು ಕೆಜಿ ದಾಟಿದಾಗ ದೊಡ್ಡವರ ಮಾತ್ರೆಗೆ ಬದಲಾಯಿಸಿದರು. ಅವ್ವನೂ ಅದನ್ನೇ ತೆಗೆದುಕೊಳ್ಳುತ್ತಾಳೆ. "ಈಗ ನಾನೂ ಅವ್ವನೂ ಒಂದೇ ಬ್ರ್ಯಾಂಡ್," ಅಂತ ಸಿಂಚನಾ ನಗುತ್ತಿದ್ದಳು.

ಇಷ್ಟಾದ ಮೇಲೆ ಮಣಿಕಟ್ಟು ಮುರಿಯಿತು.

ಎಆರ್‌ಟಿ ಸೆಂಟರ್‌ನ ಡಾಕ್ಟರ್ ಮೇಡಂ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಯಂತ್ರ ಅದು. ಬರುವ ಅಂಕಿಯನ್ನು ಅದೇ ವಯಸ್ಸಿನ ಬೇರೆ ಮಕ್ಕಳ ಮೂಳೆಯ ಜೊತೆ ಹೋಲಿಸಿ ಝಡ್ ಸ್ಕೋರ್ ಕೊಡುತ್ತದೆ. ಅದೇ ವಯಸ್ಸಿನ. ಈ ಮಾತನ್ನು ನಾನು ಹಿಂದಿನ ದಿನವೇ ಮೊಬೈಲ್‌ನಲ್ಲಿ ಓದಿಕೊಂಡಿದ್ದೆ.

"ಮೈನಸ್ ಒನ್ ಪಾಯಿಂಟ್ ಏಟ್," ಅಂದರು ಡಾಕ್ಟರ್. "ಮೈನಸ್ ಎರಡಕ್ಕಿಂತ ಕೆಳಗೆ ಹೋದ್ರೆ ನಾವು ಕಡಿಮೆ ಅಂತೀವಿ. ಹೋಗಿಲ್ಲ. ಆದ್ರೂ ನಂಗ್ಯಾಕೋ ಸಮಾಧಾನ ಇಲ್ಲ. ಈ ಮಾತ್ರೇಲಿ ಟೆನೊಫೊವಿರ್ ಅಂತ ಒಂದಿದೆ, ಕೆಲವು ಮಕ್ಕಳಲ್ಲಿ ಮೂಳೆ ಸಾಂದ್ರತೆ ಸ್ವಲ್ಪ ಇಳಿಸುತ್ತೆ. ಅದನ್ನ ಬದಲಾಯಿಸೋಣ. ಹಾರ್ಮೋನ್ ಡಾಕ್ಟರ್‌ಗೂ ಒಂದ್ಸಲ ತೋರಿಸಿ."

"ಮೇಡಂ, ಆಗಿರೋದು ಒಂದೇ ಫ್ರಾಕ್ಚರ್," ಅಂದೆ. "ಸ್ಕೋರ್ ನಾರ್ಮಲ್ ರೇಂಜ್ ಒಳಗಿದೆ ಅಂತ ನೀವೇ ಹೇಳ್ತಿದ್ದೀರ. ಮಾತ್ರೆಯಿಂದಾನೇ ಆಗಿದ್ದು ಅನ್ನೋಕೆ ಪುರಾವೆ ಇಲ್ಲ. ಚೆನ್ನಾಗಿ ಕೆಲಸ ಮಾಡ್ತಿರೋ ಔಷಧಿನ ಅನುಮಾನದ ಮೇಲೆ ಬದಲಾಯಿಸೋದು ಸರಿನಾ?"

"ಲಾಯರ್ ಆಗ್ತೀಯೇನಮ್ಮಾ?"

"ಓದ್ತಿದ್ದೀನಿ ಮೇಡಂ."

ಅವರು ನಕ್ಕರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು. "ಡೇಟ್ ಆಫ್ ಬರ್ತ್ ಕರೆಕ್ಟಾಗಿದೆ ಅಲ್ವಾ? ಈ ಲೆಕ್ಕ ಎಲ್ಲ ಅದರ ಮೇಲೇ ನಿಂತಿರೋದು."

"ಆಧಾರ್‌ನಲ್ಲೇ ಇದೆಯಲ್ಲ ಮೇಡಂ."

ಹೌದು ಅನ್ನಲಿಲ್ಲ, ಗಮನಿಸಿ. ಎದುರಾಳಿ ನೇರ ಪ್ರಶ್ನೆ ಹಾಕಿದಾಗ ಉತ್ತರಿಸದೆ ದಾಖಲೆ ತೋರಿಸುವುದು ನನಗೆ ಚೆನ್ನಾಗಿ ಬರುತ್ತದೆ. ಸುಳ್ಳು ಹೇಳಿದ ಹಾಗಾಗುವುದಿಲ್ಲ.

ಆರು ತಿಂಗಳು ಕಾಯೋಣ ಎಂದು ಡಾಕ್ಟರ್ ಒಪ್ಪಿದರು.

ನಾನು ಯಾಕೆ ಅಷ್ಟು ವಾದಿಸಿದೆ? ಆಗ ಕೇಳಿದ್ದರೆ ವೈಜ್ಞಾನಿಕ ಕಾರಣಗಳನ್ನು ಕೊಡುತ್ತಿದ್ದೆ. ನಿಜ ಇಷ್ಟೇ: ಹಾರ್ಮೋನ್ ಡಾಕ್ಟರ್ ಅಂದರೆ ಇನ್ನೊಂದು ಆಸ್ಪತ್ರೆ, ಇನ್ನೊಂದು ಫೈಲ್, ಅದರ ಮೇಲೆ ಮತ್ತೆ ಆ ಕಾಯಿಲೆಯ ಹೆಸರು, ಅದನ್ನು ಓದುವ ಇನ್ನಷ್ಟು ಕಣ್ಣುಗಳು. ಮತ್ತು ಅವರು ಮೊದಲು ಕೇಳುವುದೇ ವಯಸ್ಸು. ಸಿಕ್ಕಿಬೀಳುತ್ತೇನೆ ಅನ್ನುವ ಭಯ. ಜಾಲಹಳ್ಳಿ ಕ್ರಾಸ್‌ನಿಂದ ಅವ್ವನಿಗೆ ಫೋನ್ ಮಾಡಿ, "ಡಾಕ್ಟರ್‌ನೇ ಒಪ್ಪಿಸಿಬಿಟ್ಟೆ ಅವ್ವಾ," ಅಂದೆ. ಆ ದನಿ ನೆನಪಾದರೆ ಈಗ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ.

ಕೈಗೆ ಪ್ಲಾಸ್ಟರ್ ಇದ್ದದ್ದರಿಂದ ಸಿಂಚನಾಗೆ ನಾನೇ ಜಡೆ ಹಾಕುತ್ತಿದ್ದೆ. ಒಂದು ಭಾನುವಾರ ಟೆರೇಸ್ ಮೇಲೆ, ಮುಖ ಆ ಕಡೆ ಇಟ್ಟುಕೊಂಡೇ ಅವಳು ಮಾತು ತೆಗೆದಳು.

"ಅಕ್ಕಾ, ನಮ್ ಕ್ಲಾಸಲ್ಲಿ ಸುಮಾರು ಎಲ್ಲರಿಗೂ ಪೀರಿಯಡ್ಸ್ ಶುರುವಾಗಿದೆ. ಅವರಿಗೆಲ್ಲ ಹನ್ನೆರಡು. ನಂಗೆ ಹದಿನಾಲ್ಕು. ಇನ್ನೂ ಏನೂ ಇಲ್ಲ."

"ಆಗುತ್ತೆ ಕಣೇ, ಕೆಲವರಿಗೆ ಲೇಟು."

"ಡಾಕ್ಟರ್‌ಗೆ ನನ್ ನಿಜವಾದ ವಯಸ್ಸು ಹೇಳೋಣ್ವಾ?"

ಎಂಟು ವರ್ಷದವಳಿಗೆ ತನ್ನ ವಯಸ್ಸು ಮರೆಯುವುದಿಲ್ಲ. ಅವಳು ಆರು ವರ್ಷದಿಂದ ಕೇಳಿದವರಿಗೆಲ್ಲ ನಾನು ಹೇಳಿಕೊಟ್ಟ ಅಂಕಿಯನ್ನೇ ಹೇಳುತ್ತ ಬಂದಿದ್ದಳು. ಹುಟ್ಟುಹಬ್ಬದ ಕೇಕ್ ಮೇಲೂ ಅದೇ ಅಂಕಿಯ ಮೇಣದಬತ್ತಿ.

"ಬೇಡ," ಅಂದೆ. "ಆಧಾರ್, ಸ್ಕೂಲು, ಎಲ್ಲ ಕಡೆ ತಪ್ಪು ಅಂತಾಗುತ್ತೆ. ಸುಳ್ಳು ದಾಖಲೆ ಕೊಟ್ರು ಅಂತ ಅವ್ವನ ಮೇಲೆ ಕೇಸ್ ಆದ್ರೆ?"

ಅವಳ ಬೆನ್ನು ನೆಟ್ಟಗಾಯಿತು. "ಕೇಸ್ ಆಗುತ್ತಾ?"

"ಆಗಬಹುದು."

ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಶಾಲಾ ದಾಖಲೆಯ ವಯಸ್ಸು ತಿದ್ದಿಸುವುದು ತಲೆನೋವಿನ ಕೆಲಸ. ಅದಕ್ಕಾಗಿ ಗಾರ್ಮೆಂಟ್ಸ್ ಹೆಂಗಸೊಬ್ಬಳನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ನಾನು ಓದಿದ ಕಾನೂನನ್ನು ಮೊತ್ತಮೊದಲು ಬಳಸಿದ್ದು ನನ್ನ ತಂಗಿಯ ಬಾಯಿ ಮುಚ್ಚಿಸಲು.

ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಮಾರ್ಚ್‌ನಲ್ಲಿ, ಪರೀಕ್ಷೆಗೆ ಮುಂಚಿನ ಕೊನೆಯ ಪಿ.ಟಿ. ಪಿರಿಯಡ್. ಹಗ್ಗದಾಟ. ಇಪ್ಪತ್ತು ಜಿಗಿತವೂ ಆಗಿರಲಿಲ್ಲವಂತೆ. ಬಲಪಾದ ಊರಲಾಗದೆ ಅಲ್ಲೇ ಕೂತಳು. ಶಾಲೆಯಿಂದ ನನಗೆ ಫೋನ್ ಬಂತು. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಬಸ್ಸಿನಿಂದ ಇಳಿದು, ಆಟೊ ಹಿಡಿದು ಹೋದೆ.

ಪಾದದ ಎಲುಬಿನಲ್ಲಿ ಬಿರುಕು.

ಆಸ್ಪತ್ರೆಯಿಂದ ಮನೆಗೆ ಬರುವಾಗ ಆಟೊದಲ್ಲಿ ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಏನಾದರೂ ಹೇಳಬೇಕಿತ್ತು. ಅವಳೇ ಹೇಳಿದಳು.

"ನಿನ್ ಪಾಯಿಂಟ್ ಎಲ್ಲ ಸರಿಯಾಗೇ ಇತ್ತು ಅಕ್ಕಾ. ಮೂಳೆಗೆ ಗೊತ್ತಾಗ್ಲಿಲ್ಲ ಪಾಪ."

ಕೋಪದಿಂದ ಹೇಳಿದ್ದಲ್ಲ. ನಗುತ್ತಲೇ ಹೇಳಿದಳು. ನನ್ನ ಎದುರು ಯಾವ ವೇದಿಕೆಯ ಮೇಲೂ ಯಾರೂ ಹೀಗೆ ಮಾತಾಡಿಲ್ಲ. ಆಟೊ ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದಾನೆ ಅನ್ನುವುದನ್ನೂ ಮರೆತು ಅತ್ತೆ.

ಮುಂದಿನ ಸೋಮವಾರ ಮೂವರೂ ಎಆರ್‌ಟಿ ಸೆಂಟರ್‌ಗೆ ಹೋದೆವು. ಅವ್ವ ಅರ್ಧ ದಿನ ರಜೆ ಹಾಕಿದ್ದಳು. ನಾನು ಹಿಂದಿನ ದಿನವೆಲ್ಲ ಮಾತು ಸಿದ್ಧಮಾಡಿಕೊಂಡಿದ್ದೆ. ಪೀಠಿಕೆ ಇತ್ತು, ಹಿನ್ನೆಲೆ ಇತ್ತು, ಆಗ ನನಗೆ ಬರೀ ಹದಿನೈದು ವರ್ಷ ಅನ್ನುವ ವಿನಾಯಿತಿಯೂ ಇತ್ತು.

"ಮೇಡಂ, ಒಂದು ವಿಷಯ ಹೇಳ್ಬೇಕು. ನಾವು ಊರಿಂದ ಬಂದಾಗ ಇದ್ದ ಪರಿಸ್ಥಿತಿನ ನೀವು ಅರ್ಥ ಮಾಡ್ಕೋಬೇಕು. ಆಗ ಸ್ಕೂಲಲ್ಲಿ..."

"ಒಂದ್ನಿಮಿಷ ರೂಪಾ," ಅಂದರು ಡಾಕ್ಟರ್. "ವಯಸ್ಸಿನ ವಿಷಯನಾ?"

ತಲೆಯಾಡಿಸಿದೆ.

"ಎಷ್ಟು?"

"ಎರಡು ವರ್ಷ ಜಾಸ್ತಿ ಮೇಡಂ. ಹದಿನಾಲ್ಕು ತುಂಬಿದೆ. ನಾನೇ ಕಡಿಮೆ ಬರೆಸಿದ್ದು. ಹೋದ ಸಲ ನೀವು ಕೇಳಿದಾಗಲೂ ಗೊತ್ತಿತ್ತು."

ಅವರು ಬೈಯಲಿಲ್ಲ. ಬೈಯಲಿ ಎಂದು ಕಾದೆ. "ಸರಿಯಾದ ತಾರೀಖು ಬೇಕು," ಎಂದು ಅವ್ವನ ಕಡೆ ತಿರುಗಿದರು. "ಏನಾದ್ರೂ ನೆನಪಿದೆಯಾ ಅಮ್ಮಾ?"

"ಐತ್ರಿ ಮೇಡಮ್ಮಾರ. ಕಾರ ಹುಣ್ಣಿವಿ ಮರುದಿನ, ಮುಂಜಾನೆ. ಎತ್ತಿನ ಕೊಂಬಿನ ಬಣ್ಣ ಇನ್ನಾ ಹಸಿ ಇತ್ರಿ. ನಮ್ಮ ಅತ್ತಿ ಸತ್ತ ವರ್ಷ." ಅತ್ತೆ ಸತ್ತ ವರ್ಷ ಯಾವುದೆಂದು ಅವ್ವನಿಗೆ ಸಂಶಯವೇ ಇರಲಿಲ್ಲ. ಅಜ್ಜಿಯ ಮರಣ ಪತ್ರ ಮನೆಯಲ್ಲಿತ್ತು. ನರ್ಸ್ ಮೊಬೈಲ್‌ನಲ್ಲಿ ಆ ವರ್ಷದ ಹುಣ್ಣಿಮೆ ಹುಡುಕಿ ತಾರೀಖು ಹೇಳಿದರು. ನಾನು ಈ ಕಾರ ಹುಣ್ಣಿಮೆಯ ಲೆಕ್ಕವನ್ನು ಎಷ್ಟೋ ಸಲ ಕೇಳಿ ನಕ್ಕಿದ್ದೆ. ಮನೆಯಲ್ಲಿದ್ದ ಒಂದೇ ಒಂದು ಸರಿಯಾದ ದಾಖಲೆ ಅದು.

ಡಾಕ್ಟರ್ ಹೊಸ ಚಾರ್ಟ್ ತೆಗೆದುಕೊಂಡರು. ಹಳೆಯದನ್ನು ಪಕ್ಕದಲ್ಲಿಟ್ಟು, ಒಂದೊಂದೇ ಚುಕ್ಕೆಯನ್ನು ಎರಡು ವರ್ಷ ಬಲಕ್ಕೆ ಸರಿಸಿ ಇಡುತ್ತ ಹೋದರು. ಒಂಬತ್ತನೇ ವಯಸ್ಸಿನದು. ಹತ್ತರದು. ಹನ್ನೊಂದರದು. ಯಾವ ಚುಕ್ಕೆಯೂ ಗೆರೆ ಮುಟ್ಟಲಿಲ್ಲ. ಎಲ್ಲವೂ ಕೆಳಗಿನ ಖಾಲಿ ಜಾಗದಲ್ಲಿ ಬಿದ್ದವು. ಕೊನೆಯ ಎರಡು ಚುಕ್ಕೆಗಳು ಇನ್ನೂ ಕೆಳಗೆ. ಬೇರೆ ಮಕ್ಕಳು ಜಿಗಿದು ಬೆಳೆಯುವ ವಯಸ್ಸು ಅದು.

ಐದು ವರ್ಷ ಅವಳು ಬೇರೆ ಯಾರದೋ ಗೆರೆಯ ಮೇಲೆ ನಿಂತಿದ್ದಳು.

ಮೂಳೆಯ ಸ್ಕೋರ್ ಕೂಡ ಮತ್ತೆ ಲೆಕ್ಕ ಹಾಕಿಸಿದರು. ಮೈನಸ್ ಎರಡರ ಕೆಳಗೆ ಹೋಗಿ, ಮೈನಸ್ ಮೂರರ ಹತ್ತಿರ ಬಂತು. ಕೈಯ ಎಕ್ಸ್‌ರೇ ತೆಗೆಸಿದರು. ಅವಳ ಮೂಳೆಯ ವಯಸ್ಸು ಹನ್ನೊಂದರ ಆಸುಪಾಸು. ನಾನು ಬರೆಸಿದ ವಯಸ್ಸಿಗೆ ಹೋಲಿಸಿದರೆ ಅದು ಸ್ವಲ್ಪ ಹಿಂದೆ. ನಿಜ ವಯಸ್ಸಿಗೆ ಹೋಲಿಸಿದರೆ ಬಹಳ ಹಿಂದೆ.

"ಇದಕ್ಕೆಲ್ಲ ಮಾತ್ರೆ ಒಂದೇ ಕಾರಣ ಅಲ್ಲ," ಅಂದರು ಡಾಕ್ಟರ್. "ಒಂಬತ್ತು ವರ್ಷ ಚಿಕಿತ್ಸೆ ಇಲ್ಲದೆ ವೈರಸ್ ಇತ್ತು, ಟಿಬಿ ಬಂತು, ಊಟ ಕಡಿಮೆ, ವಿಟಮಿನ್ ಡಿ ಕಡಿಮೆ. ಎಲ್ಲ ಸೇರಿದೆ. ಒಳ್ಳೇದು ಏನು ಅಂದ್ರೆ, ಬೆಳೆಯೋ ಜಾಗಗಳು ಮೂಳೇಲಿ ಇನ್ನೂ ಮುಚ್ಚಿಲ್ಲ. ಟೈಮ್ ಇದೆ. ಎಷ್ಟು ಬೆಳೀತಾಳೆ ಅಂತ ಮಾತ್ರ ನಾನು ಮಾತು ಕೊಡಲ್ಲ."

"ಆವಾಗಲೇ ಹೇಳಿದ್ರೆ ಎರಡನೇ ಸಲ ಮುರೀತಿರ್ಲಿಲ್ವಾ ಮೇಡಂ?"

"ಗೊತ್ತಿಲ್ಲ. ಯಾರಿಗೂ ಹೇಳೋಕಾಗಲ್ಲ." ಆಮೇಲೆ ಮೆಲ್ಲಗೆ ಸೇರಿಸಿದರು. "ನಾನೂ ಇನ್ನೊಂದ್ಸಲ ಒತ್ತಿ ಕೇಳಬೇಕಿತ್ತು."

ಅವರು ನನ್ನ ತಪ್ಪಿನಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದರು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಅವ್ವ ನನ್ನ ಕಡೆ ನೋಡದೆ ಕೇಳಿದಳು. "ಶಾಲ್ಯಾಗ ಹೇಳಿದಾಗ ನೀ ಸಣ್ಣಾಕಿ. ಅದನ್ನ ಬಿಡು. ಈಗ ಅಷ್ಟು ಓದೀದಿ. ಆ ಮಿಷನ್ ವಯಸ್ಸಿನ ಮ್ಯಾಲೆ ಲೆಕ್ಕ ಮಾಡ್ತದ ಅನ್ನೂದು ನಿನಗ ತಿಳಿದಿತ್ತೇನು?"

"ತಿಳಿದಿತ್ತು ಅವ್ವಾ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟೇ.

ಮಾತ್ರೆ ಬದಲಾಯಿತು. ಈಗ ಸಿಂಚನಾಳದು ಅವ್ವನದಕ್ಕಿಂತ ಬೇರೆ. ಕ್ಯಾಲ್ಸಿಯಂ, ವಿಟಮಿನ್ ಡಿ ಶುರುವಾಯಿತು. ಅವ್ವನ ಬಿಸಿಲು, ರಾಗಿ ಮಾಲ್ಟ್ ಎರಡನ್ನೂ ಮುಂದುವರಿಸಿ ಎಂದರು ಡಾಕ್ಟರ್. ಈಗ ಬೆಳಿಗ್ಗೆ ನಾನೇ ಎದ್ದು ಟೆರೇಸ್ ಮೇಲೆ ಚಾಪೆ ಹಾಸುತ್ತೇನೆ. ಹಾರ್ಮೋನ್ ಡಾಕ್ಟರ್ ಹತ್ತಿರ ಹೋದೆವು. ಹೊಸ ಫೈಲ್ ಆಯಿತು. ನಾನು ಹೆದರಿದ ಹಾಗೆ ಯಾರೂ ನಮ್ಮನ್ನು ತಿರುಗಿ ನೋಡಲಿಲ್ಲ. ಶಾಲೆಗೆ ಅರ್ಜಿ ಕೊಟ್ಟಿದ್ದೇವೆ. ತಿದ್ದುಪಡಿ ಇನ್ನೂ ಆಗಿಲ್ಲ. ಅಲೆಸುತ್ತಿದ್ದಾರೆ, ಅಲೆಯುತ್ತಿದ್ದೇನೆ.

ತಂಗಿಯ ಹತ್ತಿರ ಕ್ಷಮೆ ಕೇಳಿದೆ. ಚೆನ್ನಾಗಿ ಕೇಳಲಿಲ್ಲ, ನಡುವೆ ಎರಡು ಸಲ ಕಾರಣ ಹೇಳತೊಡಗಿದೆ. ಅವಳು ಕೈ ಎತ್ತಿ ನಿಲ್ಲಿಸಿದಳು. "ಕೇಸ್ ಆಗುತ್ತೆ ಅಂದ್ಯಲ್ಲ, ಅದೊಂದು ಬೇಜಾರು ಅಕ್ಕಾ. ಎಷ್ಟು ದಿನ ಪೊಲೀಸ್ ಜೀಪ್ ನೋಡಿದ್ರೆ ಅವ್ವ ಮನೇಲಿದ್ದಾಳಾ ಅಂತ ಓಡಿ ಬರ್ತಿದ್ದೆ ಗೊತ್ತಾ?"

ಗೊತ್ತಿರಲಿಲ್ಲ.

ಕ್ಷಮಿಸಿದ್ದೇನೆ ಎಂದು ಅವಳು ಹೇಳಿಲ್ಲ. ನಾನು ಕೇಳುವುದನ್ನು ನಿಲ್ಲಿಸಿದ್ದೇನೆ.

ಹೋದ ವಾರ ರಿವ್ಯೂ ಇತ್ತು. ಈ ಸಲ ನಾವಿಬ್ಬರೇ. ನರ್ಸ್ ಹೆಸರು ಕರೆದಾಗ ನಾನು ಫೈಲ್ ಹಿಡಿದು ಎದ್ದೆ. ಸಿಂಚನಾ ಕೈ ಚಾಚಿ ಫೈಲ್ ತೆಗೆದುಕೊಂಡಳು.

"ನೀನು ಇಲ್ಲೇ ಕೂತಿರು. ನಾನೇ ಮಾತಾಡ್ತೀನಿ."

"ಒಬ್ಳೇನಾ?"

"ನನ್ ವಯಸ್ಸು ನಂಗೆ ಗೊತ್ತು," ಅಂದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು.

ಕೂತೆ. ಒಳಗೆ ಅವಳ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಡಾಕ್ಟರ್ ಏನೋ ಕೇಳುವುದು, ಅವಳು ಏನೋ ಹೇಳುವುದು, ನಡುವೆ ಒಮ್ಮೆ ಇಬ್ಬರೂ ನಗುವುದು. ನಾನಿದ್ದಾಗ ಆ ಕೋಣೆಯಲ್ಲಿ ಅವಳು ಇಷ್ಟು ಮಾತಾಡಿದ್ದನ್ನು ಕೇಳಿರಲಿಲ್ಲ. ಆಡಲು ಬಿಟ್ಟಿದ್ದರೆ ತಾನೇ. ಎರಡು ಸಲ ಎದ್ದು ನಿಂತೆ. ಎರಡು ಸಲವೂ ಕೂತೆ.

ಇಪ್ಪತ್ತು ನಿಮಿಷ ಆಗಿರಬಹುದು. ಬಾಗಿಲು ತೆರೆದು ಬಂದಳು. ಮುಖ ನೋಡಿ ಏನೂ ಊಹಿಸಲಾಗಲಿಲ್ಲ. ಎತ್ತರ ಎಷ್ಟಾಯಿತು, ಡಾಕ್ಟರ್ ಏನಂದರು, ಮುಂದಿನ ಸ್ಕ್ಯಾನ್ ಯಾವಾಗ, ಎಲ್ಲವೂ ನಾಲಿಗೆಯ ತುದಿಗೆ ಬಂದವು.

ಕೇಳಲಿಲ್ಲ.

"ನಡಿ, ಹಸಿವಾಗ್ತಿದೆ. ಮಸಾಲೆ ದೋಸೆ ಕೊಡಿಸು," ಅಂದಳು. ಫೈಲ್ ನನ್ನ ಕೈಗೆ ಕೊಟ್ಟಳು. ಬಸ್ ಸ್ಟಾಪಿನವರೆಗೆ ಅವಳ ಹಿಂದೆ ನಡೆದೆ, ಫೈಲ್ ತೆರೆಯದೆ.